ಹೆಸರಿಟ್ಟವರು ಯಾರು?

ಪೆರುವಿನ ಮೋಡದ ಕಾಡಿಗೆ ನಾಲ್ಕು ದಿನದ ಟೂರು ಅಂತ ಗೆಳೆಯರೊಬ್ಬರು ಜಾಹೀರಾತು ಕಳಿಸಿದ್ರು. 'ಮೋಡದ ಯೋಧರು' ಚಾಚಪೋಯರ ನಾಡು ನೋಡಿ ಅಂತಿತ್ತು. ಅಲ್ಲಿನ ಕುವೆಲಾಪ್ ಕೋಟೆ ಸುಮಾರು 3,000 ಮೀಟರ್ ಎತ್ತರದಲ್ಲಿದೆ, ಒಳಗೆ 400ಕ್ಕೂ ಹೆಚ್ಚು ದುಂಡು ಕಟ್ಟಡಗಳಿವೆ. ನೋಡಬೇಕಾದ್ದೇ.

ಆದರೆ ನನ್ನನ್ನು ತಡೆದದ್ದು ಆ ಹೆಸರು. ಅದು ಆ ಜನ ಇಟ್ಟುಕೊಂಡದ್ದಲ್ಲ. 15ನೇ ಶತಮಾನದಲ್ಲಿ ಅವರನ್ನು ಗೆದ್ದು, ಎಷ್ಟೋ ಮಂದಿಯನ್ನು ಊರು ಬಿಡಿಸಿ ದೂರಕ್ಕೆ ಅಟ್ಟಿದ ಇಂಕಾಗಳು ಕರೆದದ್ದು. ತಮ್ಮನ್ನು ತಾವು ಏನಂತ ಕರ್ಕೋತಿದ್ರೋ, ಇವತ್ತು ಯಾರಿಗೂ ಗೊತ್ತಿಲ್ಲ.

ಕೋಟೆಯನ್ನು 1843ರಲ್ಲಿ ಒಬ್ಬ ನ್ಯಾಯಾಧೀಶ 'ಕಂಡುಹಿಡಿದ'ನಂತೆ. ಅದೇ ಸೀಮೆಯ 771 ಮೀಟರಿನ ಗೋಕ್ಟಾ ಜಲಪಾತವೂ ಅಷ್ಟೇ: ಜರ್ಮನಿಯವನೊಬ್ಬ 2006ರಲ್ಲಿ ಸುದ್ದಿ ಮಾಡಿದ ಮೇಲೇ ಅದು 'ಪತ್ತೆ'ಯಾದದ್ದು. ಅದನ್ನು ದಿನಾ ನೋಡ್ತಾ ಬದುಕಿದ ಕೊಕಚಿಂಬಾ ಊರಿನವರ ಕಣ್ಣು ಕಣ್ಣಲ್ವಾ?

ನಮಗಿದು ಹೊಸದಲ್ಲ. ನಮ್ಮ ಕೇರಿಗಳಿಗೆ ಬೈಗುಳದಂಥ ಹೆಸರಿಟ್ಟವರೂ ನಾವಲ್ಲ. 'ದಲಿತ' ಅನ್ನೋದನ್ನು ಹೋರಾಟ ಮಾಡ್ತಾ ನಾವೇ ಎತ್ತಿಕೊಂಡ್ವಿ. ಅದಕ್ಕೇ ಅದನ್ನು ತಲೆ ಎತ್ತಿ ಹೇಳ್ತೀವಿ.

ಹೋಗೋರು ಹೋಗಿ ಬನ್ನಿ. ಗೈಡು 'ಕಂಡುಹಿಡಿದವರ' ಕತೆ ಶುರು ಮಾಡಿದ್ರೆ, ಅವರಿಗೆ ದಾರಿ ತೋರಿಸಿದವರು ಯಾರು ಅಂತ ಕೇಳಿ. ಊಟಕ್ಕೆ, ವಸತಿಗೆ ದುಡ್ಡು ಕೊಡುವಾಗ ಆ ಊರಿನವರ ಕೈಗೇ ಕೊಡಿ.

ಜೈಭೀಮ್.