ಡಿಲೀಟ್ ಮಾಡಿದ 32 ಫೋಟೋಗಳು

ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲೂರು ಬಂಡೆಗೆ ಸುಮಾರು 450 ಕಿಲೋಮೀಟರ್. ಬೆಂಗಳೂರಿಂದ ಉಡುಪಿಗೆ ಹೋದ ಹಾಗೆ ಅನ್ನಿ. ಆದ್ರೆ ನಡುವೆ ಹಾಸನವೂ ಇಲ್ಲ, ಘಾಟಿಯೂ ಇಲ್ಲ, ಕಾಫಿಗೆ ನಿಲ್ಲಿಸೋಕೆ ಒಂದು ದರ್ಶಿನಿಯೂ ಇಲ್ಲ. ಕೆಂಪು ಮಣ್ಣು, ಮುಳ್ಳಿನಂಥ ಸ್ಪಿನಿಫೆಕ್ಸ್ ಹುಲ್ಲು, ಎಲ್ಲೋ ಒಂದು ರೋಡ್‌ಹೌಸ್. ಎದುರಿಂದ 50 ಮೀಟರ್ ಉದ್ದದ ರೋಡ್ ಟ್ರೇನ್ ಹಾದುಹೋದರೆ ನಮ್ಮ ಕ್ಯಾಂಪರ್ ಒಳಗಿನ ಚಟ್ನಿಪುಡಿ ಡಬ್ಬಿಯವರೆಗೆ ಎಲ್ಲ ಗಡಗಡ.

ಕೆಲಸಕ್ಕೆಂದು ಮೆಲ್ಬರ್ನ್‌ಗೆ ಬಂದು ಎರಡು ವರ್ಷ. ಜುಲೈನಲ್ಲಿ ಹತ್ತು ದಿನ ರಜೆ ಸಿಕ್ಕಿತು. ಹೆಂಡತಿ, ನಾನು, ಬಾಡಿಗೆ ಕ್ಯಾಂಪರ್, ಟ್ರೈಪಾಡ್. ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿಗೂ ಕ್ಯಾಂಪರ್‌ಗೂ ಮಾತ್ರ ಎಣ್ಣೆ-ಸೀಗೆಕಾಯಿ ಸಂಬಂಧ. ಒಳ್ಳೆಯ ಬೆಳಕು ಇರೋದು ಮುಂಜಾನೆ, ಮುಸ್ಸಂಜೆ. ಕಾಂಗರೂಗಳು ರಸ್ತೆಗೆ ಹಾರೋದೂ ಆಗಲೇ. ಕತ್ತಲಲ್ಲಿ ಓಡಿಸಬಾರದು ಅಂತ ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಹಾಗಾಗಿ ಸೂರ್ಯಾಸ್ತವನ್ನು ಯೂಲಾರಾ ಕ್ಯಾಂಪ್‌ಗ್ರೌಂಡ್‌ನ ಮರಳುದಿಬ್ಬದಿಂದಲೇ ತೆಗೆದೆ. 348 ಮೀಟರ್ ಎತ್ತರದ ಬಂಡೆ ದೂರದಿಂದ ಅಂಗೈಯಷ್ಟು ಕಾಣುತ್ತಿತ್ತು. ಅದರ ಒಳಗಿನ ಕಲ್ಲು ಬೂದು ಬಣ್ಣವಂತೆ. ಹೊರಗಿನ ಕೆಂಪೆಲ್ಲ ಕಬ್ಬಿಣದ ತುಕ್ಕು. ತುಕ್ಕು ಇಷ್ಟು ಚಂದ ಇರಬಹುದು ಅಂತ ಗೊತ್ತಿರಲಿಲ್ಲ.

ಮರುದಿನ ಬೆಳಕು ಹರಿದ ಮೇಲೆ ಹೊರಟು, ಬುಡದ ಸುತ್ತ ನಡೆಯತೊಡಗಿದೆವು. ಕೈಬೆರಳು ಮರಗಟ್ಟುವ ಚಳಿ. ಈಶಾನ್ಯದ ಮಗ್ಗುಲಿಗೆ ಬರುವಾಗ ಓರೆಬಿಸಿಲು ಕಲ್ಲಿನ ಮಡಿಕೆಗಳ ಮೇಲೆ ಬಿದ್ದು ಒಂದೊಂದು ನೆರಳೂ ಕೊರೆದಿಟ್ಟಂತಿತ್ತು. ಎಫ್ 11, ಐಎಸ್‌ಒ 100. ಮೂವತ್ತೆರಡು ಫ್ರೇಮ್. ಹತ್ತು ವರ್ಷದಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರ ಇದರಲ್ಲೇ ಇದೆ ಅಂತ ಅನಿಸಿತು.

'ಈ ಬೋರ್ಡ್ ನೋಡಿದ್ಯಾ?' ಅಂದಳು ಹೆಂಡತಿ.

ವ್ಯೂಫೈಂಡರ್‌ಗೆ ಕಣ್ಣಿಟ್ಟು ನಡೆಯುವವನಿಗೆ ಬೋರ್ಡ್ ಎಲ್ಲಿ ಕಾಣುತ್ತೆ? ಇದು ಪವಿತ್ರ ಜಾಗ, ದಯವಿಟ್ಟು ಫೋಟೋ ತೆಗೆಯಬೇಡಿ ಅಂತಿತ್ತು. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಆ ಕಲ್ಲಿನ ಆಕಾರಗಳು ಧರ್ಮಗ್ರಂಥ ಇದ್ದ ಹಾಗೆ. ಗಂಡಸರ ಜಾಗಗಳು ಬೇರೆ, ಹೆಂಗಸರದ್ದು ಬೇರೆ. ನೋಡಬೇಕಾದವರು ಅಲ್ಲಿಗೇ ಬಂದು ನೋಡಬೇಕು. ಚಿತ್ರದಲ್ಲಿ, ಬೇರೆಲ್ಲೋ ಕೂತು ಅಲ್ಲ. 1985ರಲ್ಲಿ ಈ ನೆಲ ಅವರಿಗೆ ವಾಪಸ್ ಸಿಕ್ಕಿತು. ಬಂಡೆ ಹತ್ತಬೇಡಿ ಅಂತ ಎಷ್ಟೋ ವರ್ಷ ಕೇಳಿಕೊಂಡರೂ ಜನ ಹತ್ತುತ್ತಲೇ ಇದ್ದರು. ಹತ್ತೋದು ನಿಂತಿದ್ದು 2019ರ ಅಕ್ಟೋಬರ್‌ನಲ್ಲಿ.

'ನಾನು ಎಲ್ಲೂ ಪೋಸ್ಟ್ ಮಾಡಲ್ಲ, ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತಷ್ಟೆ,' ಅಂದೆ.

'ನಾಗಬನದ ಡ್ರೋನ್ ಹುಡುಗನೂ ಹಾಗೇ ಅಂದಿದ್ದ.'

ಹಿಂದಿನ ಸಲ ಊರಿಗೆ ಹೋದಾಗಿನ ಮಾತು. ನಮ್ಮ ಕುಟುಂಬದ ನಾಗಬನದ ಮೇಲೆ ಯಾರೋ ವ್ಲಾಗರ್ ಡ್ರೋನ್ ಹಾರಿಸಿದ್ದ. ದೇವರ ಬಗ್ಗೆ ಅಂಥಾ ಭಕ್ತಿ ಇಲ್ಲದ ನಾನೇ ಅವನ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದೆ. ಯಾಕೆ ಅಷ್ಟು ಸಿಟ್ಟು ಬಂತು ಅಂತ ನನಗೆ ಇವತ್ತಿಗೂ ಸರಿಯಾಗಿ ಹೇಳೋಕೆ ಬರಲ್ಲ.

ಅಲ್ಲೇ ಕಲ್ಲಿನ ಮೇಲೆ ಕೂತು ಒಂದೊಂದಾಗಿ ಡಿಲೀಟ್ ಮಾಡಿದೆ. ಹದಿನೇಳನೆಯದಕ್ಕೆ ಬಂದಾಗ ಬೆರಳು ಸ್ವಲ್ಪ ಹೊತ್ತು ನಿಂತಿತು. ಹೆಂಡತಿ ಬೇಕಂತಲೇ ಬೇರೆ ಕಡೆ ನೋಡುತ್ತಿದ್ದಳು. ಆಮೇಲೆ ಕ್ಯಾಮೆರಾ ಬ್ಯಾಗಿಗೆ ಹಾಕಿ, ಸುಮ್ಮನೆ ನಡೆದೆವು. ಎಡೆಬಿಡದೆ ಮುತ್ತುವ ನೊಣ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮೆಲ್ಬರ್ನ್‌ಗೆ ಮರಳಿದ ವಾರದಲ್ಲಿ ಫೋನಿನ ಗ್ಯಾಲರಿ ತೆರೆದರೆ ಅದೇ ಹದಿನೇಳನೆಯ ಫ್ರೇಮ್. ವೈಫೈಯಲ್ಲಿ ಕ್ಯಾಮೆರಾದಿಂದ ಯಾವಾಗಲೋ ತಾನಾಗಿ ಬಂದು ಕೂತಿದೆ. ಆ ಆಟೋ-ಸಿಂಕ್ ಆನ್ ಮಾಡಿಟ್ಟವನೂ ನಾನೇ. ಚಿಕ್ಕ ಸ್ಕ್ರೀನ್‌ನಲ್ಲೂ ಚೆನ್ನಾಗಿತ್ತು. ಡಿಲೀಟ್ ಮಾಡಿದೆ. ಡೇಟಾಬೇಸ್ ಕೆಲಸದವನಲ್ವಾ, ಡಿಲೀಟ್ ಅಂದರೆ ಡಿಲೀಟ್ ಅಲ್ಲ ಅಂತ ಗೊತ್ತು. ಟ್ರ್ಯಾಶ್‌ಗೂ ಹೋಗಿ ಖಾಲಿ ಮಾಡಿ ಬಂದೆ.