ಹೆಸರು ಓದಬೇಡಿ, ತಿದಿ ಎಳೆದು ನೋಡಿ

ನಮ್ಮ ಬಳಗದವರೊಬ್ಬರು ದಿವಂಗತ ತಂದೆಯವರ ಅಕಾರ್ಡಿಯನ್ನನ್ನು ಮಾರಲೆಂದು ಮುಂಬಯಿಯ ಅಂಗಡಿಯೊಂದಕ್ಕೆ ಒಯ್ದಿದ್ದರು. ಅಂಗಡಿಯಾತ ಮೇಲಿನ ಹೆಸರನ್ನು ಓದಿ, "ಈ ಹೆಸರು ಯಾರೂ ಕೇಳಿಲ್ಲ, ಗುಜರಿಗೆ ಹಾಕಿ" ಎಂದನಂತೆ. ಒಂದು ಸ್ವರವನ್ನಾದರೂ ನುಡಿಸಿ ನೋಡಲಿಲ್ಲ. ಈ ಹೆಸರಿನ ಹುಚ್ಚನ್ನು ನಾವು ಒಪ್ಪುವುದಿಲ್ಲ.

ಇಟಲಿಯ ಕಾಸ್ತೆಲ್‌ಫಿದಾರ್ದೊದಲ್ಲಿ ಪಾವೊಲೊ ಸೊಪ್ರಾನಿ 1863ರಲ್ಲಿ ಈ ಕಸುಬನ್ನು ಆರಂಭಿಸಿದ. ಬರಬರುತ್ತ ಊರಿಗೆ ಊರೇ ಅದರಲ್ಲಿ ತೊಡಗಿತು. ರೀಡು ಮಾಡುವವರೊಬ್ಬರು, ತಿದಿ ಮಾಡುವವರೊಬ್ಬರು, ಜೋಡಿಸುವವರು ಮತ್ತೊಬ್ಬರು. ಹೊರದೇಶದ ವ್ಯಾಪಾರಿ ತನಗೆ ಬೇಕಾದ ಹೆಸರು ಹೇಳಿದರೆ ಅದನ್ನೇ ಹಚ್ಚಿ ಕಳಿಸುತ್ತಿದ್ದರು. ಹೀಗಿರುವಾಗ ಅಪರಿಚಿತ ಹೆಸರೆಂದರೆ ಕಳಪೆ ಮಾಲೆಂದು ತೀರ್ಪು ಕೊಡುವುದು ಯಾವ ನ್ಯಾಯ? ಇತ್ತ ಹೆಸರಾಂತ ಹೋನರ್ ಕೂಡ ವೇದಿಕೆಗೆ ತಕ್ಕ ವಾದ್ಯಗಳ ಜೊತೆಗೆ ಕಲಿಯುವವರಿಗಾಗಿ ಅಗ್ಗದವನ್ನೂ ಮಾಡಿದೆ. ಹೆಸರು ಕ್ಷೀರಸಾಗರ ಭಟ್ಟರು, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ವಾದ್ಯಗಳಿಗೂ ಸಲ್ಲುತ್ತದೆ.

ಹೆಸರಿದ್ದರೆ ಮಾರುವುದು ಸುಲಭ ಎನ್ನುವವರಿದ್ದಾರೆ. ನಿಜವೇ. ಆದರೆ ಅದು ಬೆಲೆಯ ಮಾತು, ಗುಣದ ಮಾತಲ್ಲ. ರೀಡುಗಳನ್ನು ಹಿಡಿದಿಡುವ ಮೇಣಕ್ಕಾಗಲಿ, ಗಾಳಿ ತಡೆಯುವ ಚರ್ಮದ ಪಟ್ಟಿಗಾಗಲಿ ಯಾವ ಕಂಪನಿಯ ಹಂಗೂ ಇಲ್ಲ. ಬಲ್ಲ ಕುಶಲಕರ್ಮಿ ಯಾವ ಹೆಸರಿನ ವಾದ್ಯಕ್ಕಾದರೂ ಅವನ್ನು ಹೊಸದಾಗಿ ಕೂರಿಸಬಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಯಾವ ಕೀಯನ್ನೂ ಒತ್ತದೆ ತಿದಿಯನ್ನು ಮೆಲ್ಲಗೆ ಎಳೆಯಿರಿ. ತಡೆಯಿಲ್ಲದೆ ತೆರೆದುಕೊಂಡರೆ ಗಾಳಿ ಸೋರುತ್ತಿದೆ. ಪ್ರತಿ ಕೀಯನ್ನೂ ತಿದಿ ಎಳೆಯುತ್ತ ಒಮ್ಮೆ, ಒತ್ತುತ್ತ ಒಮ್ಮೆ ನುಡಿಸಿರಿ. ಎರಡಕ್ಕೂ ಬೇರೆ ಬೇರೆ ರೀಡುಗಳಿರುವುದರಿಂದ ಒಂದು ಕೆಟ್ಟು ಇನ್ನೊಂದು ಚೆನ್ನಾಗಿರಬಹುದು. ಬಳಿಕ ಬಿಚ್ಚಿಸಿ ನೋಡಿರಿ. ಮೇಣ ಬಿರಿದಿದೆಯೆ? ಚರ್ಮ ಸುರುಳಿಯಾಗಿದೆಯೆ? ಕಡಲ ತೀರದ ತೇವಕ್ಕೆ ರೀಡಿನ ಉಕ್ಕು ತುಕ್ಕು ಹಿಡಿದಿದೆಯೆ? ಒಳಗೆ ಕೆಲವೊಮ್ಮೆ ತಯಾರಕರ ಮುದ್ರೆಯೋ ಪೆನ್ಸಿಲಿನ ಅಂಕಿಯೋ ಸಿಗುವುದುಂಟು. ಮೂಲ ಹುಡುಕುವವರಿಗೆ ಹೊರಗಿನ ಹೊಳೆಯುವ ಅಕ್ಷರಗಳಿಗಿಂತ ಅದೇ ನಂಬಿಕೆಯ ಸಾಕ್ಷಿ.

ಗೂಡಿ ಸೀರ್ವಾಯಿ, ಎನಾಕ್ ಡೇನಿಯಲ್ಸ್ ಮೊದಲಾದವರು ಹಿಂದಿ ಚಿತ್ರಗೀತೆಗಳಿಗೆ ಅಕಾರ್ಡಿಯನ್ ನುಡಿಸಿದರು. ರೇಡಿಯೋ ಮುಂದೆ ಕುಳಿತ ನಾವಾರೂ ಅವರ ವಾದ್ಯದ ಕಂಪನಿ ಯಾವುದೆಂದು ಕೇಳಲಿಲ್ಲ. ಸ್ವರ ಕೇಳಿ ತಲೆದೂಗಿದೆವು.

ಆ ಅಕಾರ್ಡಿಯನ್ ಮನೆಗೆ ಮರಳಿದೆ. ತೆರೆಸಿ ನೋಡಿದೆವು: ಮೇಣ ಒಣಗಿದೆ, ರೀಡುಗಳಲ್ಲಿ ತುಕ್ಕಿಲ್ಲ. ದುರಸ್ತಿಗೆ ಕೊಡಲಾಗಿದೆ. ನಿಮ್ಮ ಅಟ್ಟದ ಮೇಲೂ ಅಂಥದೊಂದು ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ಕೆಳಗಿಳಿಸಿ, ದಯವಿಟ್ಟು ಒಮ್ಮೆ ಉಸಿರಾಡಗೊಡಿರಿ.