ಅದುರು ಯಾರದು, ಉಕ್ಕು ಯಾರದು?

ನೆಲದಲ್ಲಿ ಸಂಪತ್ತಿದ್ದ ಮಾತ್ರಕ್ಕೆ ಜನರು ಸಂಪನ್ನರಾಗುವರೆಂಬ ನಿಯಮವಿಲ್ಲ. ಚೀನಾ ಜಪಾನುಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟದವರು ಈ ಸಾಕ್ಷ್ಯವನ್ನು ಗಮನವಿಟ್ಟು ಕೇಳಬೇಕು. ಏಕೆಂದರೆ ಈ ವ್ಯಾಜ್ಯದಲ್ಲಿ ನಾವೂ ಕಕ್ಷಿಗಾರರೇ.

ಚೀನಾದ ಹಾನ್‌ಯಾಂಗಿನಲ್ಲಿ ಕಬ್ಬಿಣದ ಕುಲುಮೆ ಹೊತ್ತಿದುದು 1894ರಲ್ಲಿ. ಜಪಾನಿನ ಯವಾಟ ಕಾರ್ಖಾನೆ ಆರಂಭವಾದುದು 1901ರಲ್ಲಿ. ಅದುರು ಚೀನಾದ ದಾಯೆ ಗಣಿಗಳಲ್ಲಿ ಹೇರಳ, ಜಪಾನಿನಲ್ಲಿ ವಿರಳ. ಆದರೂ ಚೀನೀ ಕಾರ್ಖಾನೆಯು ಬಂಡವಲವಿಲ್ಲದೆ ಸೊರಗಿ, ಜಪಾನಿನಿಂದ ಸಾಲ ತಂದು, ಅದನ್ನು ಅದುರಿನಿಂದಲೇ ತೀರಿಸುವ ಕರಾರಿಗೆ ಸಹಿಹಾಕಿತು. ದಾಯೆಯ ಅದುರು ಯವಾಟದಲ್ಲಿ ಉಕ್ಕಾಯಿತು!

ಕಾರಣವೇನು? ಜಪಾನು ಯಂತ್ರದ ಜೊತೆಗೆ ಯಂತ್ರವನ್ನು ನಡೆಸುವ ವ್ಯವಸ್ಥೆಯನ್ನೂ ಕಟ್ಟಿತು. 1871ರಲ್ಲಿ ತನ್ನ ಪ್ರಮುಖ ಮಂತ್ರಿಗಳನ್ನೇ ವಿದೇಶಗಳಿಗೆ ಕಳುಹಿಸಿತು. 1872ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವನ್ನೂ ತೊಮಿಯೋಕದ ಸರಕಾರಿ ರೇಷ್ಮೆ ಗಿರಣಿಯನ್ನೂ ತಂದಿತು. ಚೀನಾದಲ್ಲಾದರೋ ಕಾರ್ಖಾನೆಗಳು ಒಬ್ಬೊಬ್ಬ ಪ್ರಾಂತಾಧಿಕಾರಿಯ ಉತ್ಸಾಹವನ್ನೇ ನೆಚ್ಚಿದ್ದವು. ಜಪಾನಿನ ಏಳಿಗೆಗೆ ಅಲ್ಲಿನ ರೈತನೂ ಗಿರಣಿಯ ಹೆಣ್ಣುಮಕ್ಕಳೂ ನೆರೆಯ ದೇಶಗಳೂ ತೆತ್ತ ಬೆಲೆ ಘೋರವಾದುದು, ಅದು ಅನುಕರಣೀಯವಲ್ಲ. ವಿದ್ಯೆಗಾದರೆ ಹಗೆಯಿಲ್ಲ. 1978ರಲ್ಲಿ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಜಪಾನಿನ ಉಕ್ಕಿನ ಕಾರ್ಖಾನೆಯನ್ನು ಕಂಡುಬಂದರು. ಅದೇ ವರ್ಷ ಜಪಾನೀಯರ ನೆರವಿನಿಂದ ಬಾವೊಷಾನ್ ಕಾರ್ಖಾನೆಯ ಕೆಲಸ ಮೊದಲಾಯಿತು.

ಜಪಾನಿನ ಪಾಠವನ್ನು ನಮ್ಮವರೊಬ್ಬರು ಬಹು ಮುಂಚೆಯೇ ಓದಿದ್ದರು. 1898ರಲ್ಲಿ ಅಲ್ಲಿಗೆ ಹೋಗಿಬಂದ ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ, ಬಾಬಾಬುಡನ್‌ಗಿರಿಯ ಕೆಮ್ಮಣ್ಣುಗುಂಡಿಯ ಅದುರು 1923ರಿಂದ ನಮ್ಮ ಭದ್ರಾವತಿಯಲ್ಲಿಯೇ ಕಬ್ಬಿಣವಾಯಿತು. 1956ರಲ್ಲಿ ಕನ್ನಡನಾಡು ಒಂದಾಗಿ, ಮಲೆಯ ಅದುರೂ ಮಂಗಳೂರಿನ ರೇವೂ ಒಂದೇ ರಾಜ್ಯಕ್ಕೆ ಸೇರಿದವು. ಆದರೆ ಆಮೇಲೆ ಕುದುರೆಮುಖದಲ್ಲಿ ನಡೆದುದೇನು? ಅದುರನ್ನು ಅರೆದು, ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಮಂಗಳೂರಿಗೆ ಹರಿಸಿ, ಪರದೇಶಗಳ ಕುಲುಮೆಗಳಿಗೆ ಹಡಗೇರಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡನ್ನೂ ಭದ್ರೆಯನ್ನೂ ಕಾಯ್ದ ಆ ಆಜ್ಞೆ ನ್ಯಾಯವಾದುದೇ. ಆದರೆ ನಮಗೆ ಉಳಿದುದು ಅಗೆದ ಬೆಟ್ಟ.

ಅದುರಿನ ಮಾತು ಮುಗಿಯಿತು. ಕಾಫಿಯ ಮಾತು ಮುಗಿದಿಲ್ಲ. ಬಾಳೆಹೊನ್ನೂರಿನ ಬಳಿ 1925ರಿಂದ ಸಂಶೋಧನಾ ಕೇಂದ್ರವಿದೆ. ಬೆಳೆಯುವ ವಿದ್ಯೆಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆಯನ್ನು ವರ್ತಕನಿಗೆ ಒಪ್ಪಿಸಿದಲ್ಲಿಗೆ ಸಣ್ಣ ಬೆಳೆಗಾರನ ಅಧಿಕಾರ ಮುಗಿಯುತ್ತದೆ. ಅರೇಬಿಕದ ಧಾರಣೆಗೆ ನ್ಯೂಯಾರ್ಕನ್ನೂ ರೊಬಸ್ಟದ ಧಾರಣೆಗೆ ಲಂಡನ್ನನ್ನೂ ನೋಡಬೇಕು. ನಮ್ಮ ನಾಡಿನಿಂದ ಹೊರಡುವ ಕಾಫಿಯಲ್ಲಿ ಹೆಚ್ಚಿನ ಪಾಲು ಹುರಿಯದ ಬೀಜ. ಹುರಿದವನಿಗೆ ಲಾಭ, ಬೆಳೆದವನಿಗೆ ಬೆವರು. ಮಳೆಗಾಲದಲ್ಲಿಯೇ ಮುಂಗಡ ಪಡೆದು, ಬರುವ ಫಸಲನ್ನು ವರ್ತಕನಿಗೆ ಬರೆದುಕೊಟ್ಟ ಬೆಳೆಗಾರನ ಸ್ಥಿತಿಯು ದಾಯೆಯ ಗಣಿಯ ಸ್ಥಿತಿಗಿಂತ ಬೇರೆಯೆ?

ಆದುದರಿಂದ ಬೆಳೆಗಾರರೇ, ಸರಕಾರದ ದಾರಿ ಕಾಯುವುದಕ್ಕೆ ಮೊದಲು ಹೋಬಳಿಗೊಂದು ಸಹಕಾರ ಸಂಘವನ್ನು ಕಟ್ಟಿರಿ. ನ್ಯಾಯವಾದ ಬಡ್ಡಿಗೆ ಸಾಲ, ಫಸಲನ್ನು ತಡೆದಿಡಲು ಉಗ್ರಾಣ, ಹುರಿಯಲು ಯಂತ್ರ, ಅದನ್ನು ನಡೆಸಬಲ್ಲ ನಮ್ಮವೇ ತರುಣರು: ಈ ನಾಲ್ಕೂ ಒಟ್ಟಿಗೆ ಬರಬೇಕು. ಯಂತ್ರವೊಂದನ್ನೇ ಕೊಂಡವರ ಗತಿ ಹಾನ್‌ಯಾಂಗಿನದು. ಫಸಲು ನಮ್ಮದಾದರೆ ಸಾಲದು, ಫಸಲಿನ ಕರಾರನ್ನು ಬರೆಯುವ ಕೈಯೂ ನಮ್ಮದಾಗಬೇಕು.